ಗುಡ್ಡೆಯಲ್ಲಿ ನಡೆಯುವ ಬಾಲವಾಡಿಗೆ ಸಣ್ಣ ಮಕ್ಕಳನ್ನ ಕಳಿಸಿದವರು ಯಾರಾದ್ರೂ ಇದ್ದೀರಾ? ಎಂತೆಲ್ಲ ಕೇಳ್ಬೇಕು?

ಬದಿಯಡ್ಕದ ಅಮ್ಮ

ಎಲ್ಲರಿಗೂ ನಮಸ್ಕಾರ, ಕಾಸರಗೋಡಿನ ಬದಿಯಡ್ಕದಿಂದ. ನನ್ನ ಮಗನಿಗೆ ಮೇ ತಿಂಗಳಲ್ಲಿ ಮೂರೂವರೆ ವರ್ಷ ಆಗ್ತದೆ. ನಮ್ಮನೆಯಿಂದ ಎರಡು ಕಿಲೋಮೀಟರ್ ಆಚೆ ಇಬ್ಬರು ಟೀಚರ್‌ಗಳು ಸೇರಿ ಜೂನ್‌ನಿಂದ ಬಾಲವಾಡಿ ಶುರು ಮಾಡ್ತಾರೆ, ಕಟ್ಟಡ ಅಂತ ಇಲ್ಲ, ಶೀಟ್ ಹಾಕಿದ ಒಂದು ಶೆಡ್ ಮಾತ್ರ, ಉಳಿದದ್ದೆಲ್ಲ ಗುಡ್ಡೆ, ಹಡೀಲು ಬಿದ್ದ (ಬೇಸಾಯ ಬಿಟ್ಟ) ಒಂದು ಗದ್ದೆ, ಬದಿಯಲ್ಲಿ ತೋಡು (ಸಣ್ಣ ಹಳ್ಳ). ಬೆಳಿಗ್ಗೆ 9ರಿಂದ 12:30ರ ತನಕ. ಮಳೆಗಾಲದಲ್ಲೂ ಹೊರಗೇ ಇರ್ತಾರಂತೆ. ನಂಗೆ ತುಂಬಾ ಆಸೆ ಉಂಟು ಯಾಕಂದ್ರೆ ಇವ ಮನೆಯಲ್ಲಿ ಮೊಬೈಲ್ ಬಿಟ್ರೆ ಅಳ್ತಾನೆ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿ ಆದ ಮೇಲೆ ಮಣ್ಣು ಮುಟ್ಟಿದ್ದೇ ಕಡಿಮೆ. ಆದ್ರೆ ಅತ್ತೆ ಒಪ್ತಾ ಇಲ್ಲ, "ಜೂನಿನ ಮಳೆಯಲ್ಲಿ ಮೂರು ವರ್ಷದ ಮಗುವನ್ನ ಗುಡ್ಡೆಗೆ ಬಿಡುವುದಾ, ಹಾವು ಹುಳ ಎಲ್ಲ ನೋಡುವವರು ಯಾರು" ಅಂತ. ಅವರು ಹೇಳುವುದು ತಪ್ಪು ಅಂತ ನಂಗೆ ಅನಿಸುವುದೂ ಇಲ್ಲ. ಗಂಡ ಗಲ್ಫಲ್ಲಿ, ನಿರ್ಧಾರ ನಾನೇ ಮಾಡ್ಬೇಕು. ಇಂಥದಕ್ಕೆ ಕಳಿಸಿದವರು ಇದ್ರೆ, ಸೇರಿಸುವ ಮೊದಲು ಅಲ್ಲಿಗೆ ಹೋಗಿ ಎಂತ ನೋಡ್ಬೇಕು, ಎಂತ ಕೇಳ್ಬೇಕು ಅಂತ ಹೇಳ್ತೀರಾ?

ಕುಂಬಳೆ (ಮೊದಲು ಜರ್ಮನಿ)

ಅಕ್ಕ, ನಾವು ಜರ್ಮನಿಯಲ್ಲಿ ಇದ್ದಾಗ ಮಗಳು ಎರಡು ವರ್ಷ ಇಂಥದ್ದಕ್ಕೇ ಹೋಗಿದ್ದಾಳೆ, ಅಲ್ಲಿ ವಾಲ್ಡ್‌ಕಿಂಡರ್‌ಗಾರ್ಟನ್ ಅಂತಾರೆ, ಕಾಡಿನ ಬಾಲವಾಡಿ. ಶುರುವಾದದ್ದು ಡೆನ್ಮಾರ್ಕಲ್ಲಿ 1950ರ ದಶಕದಲ್ಲಿ, ಒಬ್ಬ ತಾಯಿ ತನ್ನ ಮಕ್ಕಳ ಜೊತೆ ನೆರೆಮನೆ ಮಕ್ಕಳನ್ನೂ ದಿನಾ ಕಾಡಿಗೆ ಕರ್ಕೊಂಡು ಹೋಗ್ತಾ ಹೋಗ್ತಾ ಅದೇ ಶಾಲೆ ಆಯ್ತಂತೆ. ಜರ್ಮನಿಯಲ್ಲಿ 1993ರಲ್ಲಿ ಫ್ಲೆನ್ಸ್‌ಬುರ್ಗ್ ಅನ್ನುವ ಊರಲ್ಲಿ ಒಂದಕ್ಕೆ ಸರಕಾರದ ಮಾನ್ಯತೆ ಸಿಕ್ಕಿತು, ಅದರ ನಂತರ ಊರೂರಲ್ಲಿ ಆಯ್ತು.

ಹೊರಗಿನವರಿಗೆ ಕಾಣುವುದು ಮಕ್ಕಳು ಕೆಸರಲ್ಲಿ ಹೊರಳುವುದು ಮಾತ್ರ. ಒಳಗೆ ಇದ್ದವರಿಗೆ ಗೊತ್ತು ಎಷ್ಟು ಕಟ್ಟುನಿಟ್ಟು ಅಂತ. ನಮ್ಮಲ್ಲಿ 18 ಮಕ್ಕಳು, ಯಾವತ್ತೂ ಇಬ್ಬರಿಗಿಂತ ಕಮ್ಮಿ ದೊಡ್ಡವರು ಇದ್ದದ್ದೇ ಇಲ್ಲ, ಹೆಚ್ಚಿನ ದಿನ ಮೂರು ಜನ. ಕಾಡಿನ ಬದಿಯಲ್ಲಿ ಚಕ್ರದ ಮೇಲೆ ಮರದ ಒಂದು ವ್ಯಾನ್ ಇತ್ತು, ಒಳಗೆ ಒಲೆ, ಒಣ ಬಟ್ಟೆ, ಮದ್ದಿನ ಪೆಟ್ಟಿಗೆ. ಮಳೆಗೆ ರಜೆ ಇಲ್ಲ, ಹಿಮಕ್ಕೂ ಇಲ್ಲ, ಆದ್ರೆ ಜೋರು ಗಾಳಿ ಅಂತ ಮುನ್ಸೂಚನೆ ಬಂದ ದಿನ ಕಾಡಿಗೆ ಕಾಲೇ ಇಡ್ತಿರ್ಲಿಲ್ಲ, ಕೊಂಬೆ ಬೀಳ್ತದೆ ಅಂತ. ಆ ದಿನಕ್ಕೆ ಬೇರೆ ಜಾಗ ಮೊದಲೇ ಗೊತ್ತು ಮಾಡಿ ಇಟ್ಟಿದ್ರು. ದಾರಿಯಲ್ಲಿ ಕೆಲವು ಮರಗಳು ಕಾಯುವ ಮರ ಅಂತ ಇತ್ತು, ಮುಂದೆ ಓಡಿದವ ಆ ಮರದ ಹತ್ತಿರ ನಿಲ್ಲಲೇ ಬೇಕು, ಎಲ್ಲರೂ ಬಂದು ಲೆಕ್ಕ ಆದ ಮೇಲೆಯೇ ಮುಂದಕ್ಕೆ. ನಾಲ್ಕು ವರ್ಷದ ಮಕ್ಕಳು ಅದನ್ನ ಒಮ್ಮೆಯೂ ತಪ್ಪಿಸಿದ್ದು ನಾನು ನೋಡಿಲ್ಲ. ಕಾಡಲ್ಲಿ ಸಿಕ್ಕಿದ ಹಣ್ಣನ್ನ ತೊಳೆಯದೆ ತಿನ್ನುವ ಹಾಗಿಲ್ಲ, ಅಲ್ಲಿ ನರಿಯಿಂದ ಬರುವ ಒಂದು ಹುಳದ ಕಾಯಿಲೆ ಉಂಟು. ಮನೆಗೆ ಬಂದ ಮೇಲೆ ದಿನಾ ಬಟ್ಟೆ ಬಿಚ್ಚಿ ಉಣ್ಣಿ ಹುಡುಕುವುದು ತಂದೆತಾಯಿಯ ಕೆಲಸ, ಸೇರುವಾಗಲೇ ಹೇಳಿರ್ತಾರೆ.

ಇನ್ನೊಂದು, ಮೊದಲ ಎರಡು ವಾರ ನನ್ನ ಹೆಂಡತಿ ಅಲ್ಲೇ ಮಗುವಿನ ಜೊತೆ ಕೂತಿದ್ಲು. ಮೊದಲು ಅರ್ಧ ಗಂಟೆ, ಮತ್ತೆ ಒಂದು ಗಂಟೆ, ಹಾಗೆ ಹಾಗೆ ಬಿಟ್ಟು ಬಂದದ್ದು. ಗೇಟಲ್ಲಿ ಅಳುವ ಮಗುವನ್ನ ಕೊಟ್ಟು ತಿರುಗಿ ನೋಡದೆ ಬನ್ನಿ ಅಂತ ಯಾರೂ ಹೇಳ್ಲಿಲ್ಲ. ನೀವೂ ಅದನ್ನ ಕೇಳಿ ಅಕ್ಕ.

ನಿವೃತ್ತ ಅಂಗನವಾಡಿ ಟೀಚರ್

ಮಗಾ, ನಿನ್ನ ಅತ್ತೆಯವರನ್ನ ವಿರೋಧ ಕಟ್ಟಿಕೊಳ್ಬೇಡ. ಅವರಿಗೆ ಗುಡ್ಡೆ ಗೊತ್ತುಂಟು, ಅದಕ್ಕೇ ಹೆದರಿಕೆ. ಆ ಇಬ್ಬರು ಟೀಚರ್‌ಗಳಿಗೆ ಗುಡ್ಡೆ ಅಷ್ಟು ಗೊತ್ತುಂಟಾ ಅಂತ ಮೊದಲು ನೋಡು.

ಇದನ್ನ ಹೊಸತು ಅಂತ ತಿಳ್ಕೊಳ್ಬೇಡಿ ಯಾರೂ. ಅಂಗನವಾಡಿ ಅನ್ನುವ ಹೆಸರಲ್ಲೇ ಅಂಗಳ ಉಂಟು. ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅಂತ ಇಬ್ಬರು, 1945ರಲ್ಲಿ ಬೋರ್ಡಿ ಅನ್ನುವ ಹಳ್ಳಿಯಲ್ಲಿ ಶುರು ಮಾಡಿ ಆಮೇಲೆ ಕೋಸಬಾಡದ ಗುಡ್ಡೆಗೆ ಹೋದವರು. ಆದಿವಾಸಿ ಮಕ್ಕಳು ಶಾಲೆಗೆ ಬರುವುದಿಲ್ಲ ಅಂತ ಕಂಡಾಗ ಅವರೇ ಮಕ್ಕಳಿದ್ದಲ್ಲಿಗೆ ಹೋದ್ರು, ಕೇರಿಯ ಅಂಗಳದಲ್ಲೇ ಬಾಲವಾಡಿ, ದನ ಮೇಯಿಸುವ ಮಕ್ಕಳಿಗೆ ಹುಲ್ಲುಗಾವಲಲ್ಲೇ ಶಾಲೆ. ಕಲ್ಲು, ಕಡ್ಡಿ, ಬೀಜ, ಎಲೆ ಇದೇ ಪಾಠದ ಸಾಮಾನು. ಸರಕಾರದ ಅಂಗನವಾಡಿ ಬಂದದ್ದು ಅದರ ಎಷ್ಟೋ ವರ್ಷದ ಮೇಲೆ, 1975ರ ಅಕ್ಟೋಬರ್ 2ಕ್ಕೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕೇಂದ್ರಕ್ಕೆ ಸ್ವಂತ ಕಟ್ಟಡ ಇರ್ಲಿಲ್ಲ, ಮುಕ್ಕಾಲು ದಿನ ಹಲಸಿನ ಮರದ ಅಡಿ. ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುವುದು, ಗೇರುಬೀಜ ಎಣಿಸುವುದು, ತರಗೆಲೆ ಗುಡಿಸುವುದು. ಮಕ್ಕಳು ಕಾಯಿಲೆ ಬಿದ್ದದ್ದು ಹೊರಗೆ ಕೂತದ್ದರಿಂದ ಅಲ್ಲ, ಕೈ ತೊಳೆಯದೆ ತಿಂದದ್ದರಿಂದ.

ಹಾಗಾಗಿ ನನ್ನ ಮೊದಲ ಪ್ರಶ್ನೆ ಕಕ್ಕಸ್ಸಿನದ್ದು. ಮೂರು ವರ್ಷದ ಮಗುವಿಗೆ ಅವಸರ ಆದ್ರೆ ಎಲ್ಲಿಗೆ ಕರ್ಕೊಂಡು ಹೋಗ್ತಾರೆ, ಯಾರು ಹೋಗ್ತಾರೆ, ಆ ಹೊತ್ತಿಗೆ ಉಳಿದ ಮಕ್ಕಳ ಹತ್ತಿರ ಯಾರು? ಇಬ್ಬರೇ ಟೀಚರ್ ಅಂದ್ರೆ ಒಬ್ಬಳು ಒಂದು ಮಗುವನ್ನ ತೊಳೆಸ್ಲಿಕ್ಕೆ ಹೋದ್ರೆ ಉಳಿದ ಎಲ್ಲ ಮಕ್ಕಳ ಮೇಲೆ ಒಂದೇ ಜೊತೆ ಕಣ್ಣು. ಸಾಬೂನು ಮತ್ತು ಹರಿಯುವ ನೀರು ಉಂಟಾ, ಕುಡಿಯುವ ನೀರು ಕುದಿಸಿದ್ದಾ, ಇದನ್ನ ನಾಚಿಕೆ ಇಲ್ಲದೆ ಕೇಳು.

ಎರಡನೇದು, ಅವರ ಜೊತೆ ಆ ಜಾಗದಲ್ಲಿ ಒಂದು ಸುತ್ತು ಬಾ. ದಾರಿಯಲ್ಲಿ ಸಿಗುವ ಗಿಡಗಳ ಹೆಸರು ಹೇಳ್ಲಿಕ್ಕೆ ಹೇಳು. ಪರೀಕ್ಷೆ ಅಂತ ಅಲ್ಲ, ಮಾತಾಡ್ತಾ ಕೇಳು. ಗುಲಗಂಜಿ ಯಾವುದು, ಕಾಸರ್ಕನ ಮರ ಯಾವುದು, ಮುಟ್ಟಿದ್ರೆ ಮೈ ಸುಡುವ ಚೇರೆ ಮರ ಯಾವುದು ಅಂತ ಗೊತ್ತಿಲ್ಲದವರ ಕೈಯಲ್ಲಿ ಕೆಂಪು ಬೀಜ ಕಂಡ ಕೂಡಲೆ ಬಾಯಿಗೆ ಹಾಕುವ ಮಗುವನ್ನ ಕೊಡ್ಲಿಕ್ಕಾಗುವುದಿಲ್ಲ. ಕಾಸರ್ಕನ ಹಣ್ಣು ನೋಡ್ಲಿಕ್ಕೆ ಕಿತ್ತಳೆ ಹಾಗೆ ಚಂದ, ಒಳಗಿನ ಬೀಜ ವಿಷ.

ಎಣ್ಮಕಜೆಯವ

ನಾನು ಬೇರೆ ವಿಷಯ ಹೇಳ್ತೇನೆ, ಟೀಚರ್ ಹೇಳಿದ್ದರ ಮುಂದುವರಿಕೆ ಅಂತ ಇಟ್ಕೊಳ್ಳಿ. ನಾನು ಹುಟ್ಟಿ ಬೆಳೆದದ್ದು ಗೇರು ತೋಟದ ಬದಿಯಲ್ಲಿ. 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ತಲೆಯ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟಿದ್ದಾರೆ. ನಾವು ಸಣ್ಣವರು ಹೆಲಿಕಾಪ್ಟರ್ ನೋಡ್ಲಿಕ್ಕೆ ಅಂತ ಓಡಿ ಹೊರಗೆ ಬರ್ತಿದ್ದದ್ದು. ತೋಡಿನ ನೀರು ಕುಡಿದದ್ದು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಮಾಡಿತು, ಅಷ್ಟರಲ್ಲಿ ನಮ್ಮ ವಠಾರದಲ್ಲಿ ಎದ್ದು ನಡೆಯಲಾಗದ ಮಕ್ಕಳು ದೊಡ್ಡವರೇ ಆಗಿದ್ರು. ಅವರ ಅಮ್ಮಂದಿರು ಈಗಲೂ ಎತ್ತಿ ಮೀಯಿಸ್ತಾರೆ.

ಇದನ್ನ ಹೆದರಿಸ್ಲಿಕ್ಕೆ ಬರೆದದ್ದಲ್ಲ. ಹಸಿರು ಕಂಡ ಕೂಡಲೆ ಶುದ್ಧ ಅಂತ ನಂಬ್ಬೇಡಿ ಅಂತ ಬರೆದದ್ದು. ಆ ಜಾಗ ಮೊದಲು ಎಂತ ಆಗಿತ್ತು ಕೇಳಿ. ಮಗ್ಗುಲ ತೋಟದವರು ಹುಲ್ಲಿಗೆ ಕಳೆನಾಶಕ ಬಿಡ್ತಾರಾ ಕೇಳಿ. ಅಡಿಕೆಗೆ ಕೊಳೆರೋಗದ ಬೋರ್ಡೋ (ಮೈಲುತುತ್ತು, ಸುಣ್ಣದ ಮದ್ದು) ಬಿಡುವುದು ಮಳೆ ಹಿಡಿಯುವ ಹೊತ್ತಿಗೆ, ಮತ್ತೆ ಒಂದೂವರೆ ತಿಂಗಳಿಗೆ ಇನ್ನೊಮ್ಮೆ, ಸರಿಯಾಗಿ ಬಾಲವಾಡಿ ಶುರುವಾಗುವ ಸಮಯ. ಮದ್ದು ಬಿಡುವ ದಿನ ಹೇಳಿ ಅಂತ ಟೀಚರ್‌ಗಳು ತೋಟದವರ ಹತ್ತಿರ ಮಾತಾಡಿ ಇಟ್ಟಿದ್ದಾರಾ? ಮೈಲುತುತ್ತು ಬಿದ್ದ ಹಾಳೆಯಲ್ಲಿ ಮಕ್ಕಳನ್ನ ಎಳೆಯುವುದು ಬೇಡ.

ಮತ್ತೆ ಹೊಂಡ. ನಮ್ಮ ಕಡೆಯ ಪದವುಗಳಲ್ಲಿ (ಗುಡ್ಡೆ ಮೇಲಿನ ಬಯಲುಗಳಲ್ಲಿ) ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳು ಎಷ್ಟುಂಟು ಅಂತ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಹೋಗಿ ನೋಡಿದ್ರೆ ಒಣ ಹೊಂಡ, ಜುಲೈಯಲ್ಲಿ ಎರಡಾಳು ನೀರು, ಬದಿಗೆ ಬೇಲಿ ಇಲ್ಲ. ಕಟ್ಟೆ ಇಲ್ಲದ ಹಳೆ ಬಾವಿ, ನೀರಿಗೆ ಕೊರೆದು ಬಾಯಿ ತೆರೆದ ಸುರಂಗ, ಮಳೆನೀರು ನಿಲ್ಲುವ ಮದಕ, ತೋಟದ ಕೆರೆ. ಮೇಯಲ್ಲಿ ಜಾಗ ನೋಡಿ ಬಂದು ಜೂನಲ್ಲಿ ಸೇರಿಸ್ಬೇಡಿ. ಒಂದು ದೊಡ್ಡ ಮಳೆ ಆದ ಮರುದಿನ ಹೋಗಿ ನೋಡಿ. ತೋಡು ಎಲ್ಲಿಯ ತನಕ ಬರ್ತದೆ ಅಂತ ಆಗ ಗೊತ್ತಾಗ್ತದೆ.

ಬದಿಯಡ್ಕದ ಅಮ್ಮ

ಓದಿ ಕಣ್ಣಲ್ಲಿ ನೀರು ಬಂತು ಅಣ್ಣ. ಕೋರೆ ವಿಷಯ ನಂಗೆ ಹೊಳೆದೇ ಇರ್ಲಿಲ್ಲ. ಅವರ ಗುಡ್ಡೆಯ ಆಚೆ ಬದಿಯಲ್ಲಿ ಮೊದಲು ಕಲ್ಲು ಕಡಿತಿದ್ರು ಅಂತ ಅತ್ತೆ ಹೇಳಿದ್ರು, ಇನ್ನೂ ಉಂಟಾ ನೋಡ್ಬೇಕು.

ಇಲ್ಲಿ ನರ್ಸ್ ಅಥವಾ ಡಾಕ್ಟರ್ ಯಾರಾದ್ರೂ ಇದ್ರೆ ಹಾವಿನ ಬಗ್ಗೆ ಹೇಳಿ.

ಆರೋಗ್ಯ ಕೇಂದ್ರದ ಸಿಸ್ಟರ್

ಹಾವಿಗೆ ಮೊದಲ ಮಾತು: ಮಕ್ಕಳು ನಡೆಯುವ ದಾರಿ ಕಡಿದು ಬೋಳು ಮಾಡಿರ್ಬೇಕು, ಕಲ್ಲಿನ ರಾಶಿ, ಕಟ್ಟಿಗೆ ರಾಶಿ, ತೆಂಗಿನ ಮಡಲಿನ ರಾಶಿ ಆಡುವ ಜಾಗದ ಹತ್ತಿರ ಇರ್ಲೇಬಾರ್ದು. ಬೆಳಿಗ್ಗೆ ಮಕ್ಕಳು ಬರುವ ಮೊದಲು ಒಬ್ಬರು ಕೋಲು ಹಿಡ್ಕೊಂಡು ಇಡೀ ಜಾಗ ಒಮ್ಮೆ ತಟ್ಟಿ ಬರ್ಬೇಕು. ಮೊಣಗಂಟಿನ ವರೆಗೆ ಬರುವ ಗಮ್‌ಬೂಟು ಹಾಕ್ಲಿ. ಕೈಯನ್ನ ಮಾಟೆಗೆ (ಬಿಲಕ್ಕೆ), ಬಲ್ಲೆಯ (ಪೊದೆಯ) ಒಳಗೆ ಹಾಕ್ಬಾರ್ದು ಅಂತ ಮಕ್ಕಳಿಗೆ ದಿನಾ ಹೇಳ್ಬೇಕು.

ಕಚ್ಚಿದ್ರೆ ಹಗ್ಗ ಕಟ್ಟುವುದು, ಬ್ಲೇಡಲ್ಲಿ ಕೊಯ್ಯುವುದು, ಬಾಯಲ್ಲಿ ಚೀಪುವುದು, ಯಾವುದೂ ಬೇಡ. ಮಗುವನ್ನ ನಡೆಸ್ಬೇಡಿ, ಕಚ್ಚಿದ ಕೈ ಅಥವಾ ಕಾಲನ್ನ ಅಲುಗದ ಹಾಗೆ ಇಟ್ಟು ಎತ್ಕೊಂಡು ನೇರ ಆಸ್ಪತ್ರೆಗೆ. ನಾಗರ, ಕನ್ನಡಿ ಹಾವು ಅಂತ ನೀವು ಹೆಸರು ಹುಡುಕ್ತಾ ಕೂರುವುದು ಬೇಡ, ಹಾವನ್ನ ಹೊಡೆದು ತರುವುದೂ ಬೇಡ. ತೋಟದ ತರಗೆಲೆಯಲ್ಲಿ ಇರುವ, ಮೂತಿ ಮೇಲೆ ತಿರುಗಿದ ಸಣ್ಣ ಮಂಡಲದ ಹಾವಿಗೆ ನಮ್ಮಲ್ಲಿ ಸಿಗುವ ವಿಷನಿರೋಧಕ ಇಂಜೆಕ್ಷನ್ ಕೆಲಸವೇ ಮಾಡುವುದಿಲ್ಲ, ಅಂಥದ್ದಕ್ಕೆ ಬೇರೆ ಆರೈಕೆ ಬೇಕು, ಅದನ್ನ ಆಸ್ಪತ್ರೆಯವರೇ ನೋಡ್ಬೇಕು. ಹಾಗಾಗಿ ಟೀಚರ್‌ಗಳ ಹತ್ತಿರ ಕೇಳ್ಬೇಕಾದದ್ದು ಇದು: ಇಂಜೆಕ್ಷನ್ ಇಟ್ಟಿರುವ, ಐಸಿಯು ಇರುವ ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಫೋನ್ ಮಾಡಿ ವಿಚಾರಿಸಿದ್ದೀರಾ, ಬೆಳಿಗ್ಗೆ 9ರಿಂದ 12:30ರ ತನಕ ಗುಡ್ಡೆಯ ಬುಡದಲ್ಲಿ ಯಾವ ಗಾಡಿ ನಿಂತಿರ್ತದೆ, ಬಿಡುವವರು ಯಾರು, ಗುಡ್ಡೆಯಲ್ಲಿ ಮೊಬೈಲ್ ರೇಂಜ್ ಉಂಟಾ. ಕಾಸರಗೋಡಿಂದ ಮಂಗಳೂರಿಗೇ 50 ಕಿಲೋಮೀಟರ್, ನಮ್ಮ ಒಳಗಿನ ಊರುಗಳಿಂದ ರೋಡಿಗೆ ಬರ್ಲಿಕ್ಕೇ ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು.

ಆದ್ರೆ ನಾನು ದಿನಾ ನೋಡುವುದು ಹಾವಲ್ಲ. ಇಲಿಜ್ವರ ನೋಡ್ತೇನೆ. ಕಾಲಲ್ಲಿ ಗಾಯ ಇದ್ದು ಇಲಿ ಮೂತ್ರ ಸೇರಿದ ಕೆಸರಿಗೆ ಇಳಿದ್ರೆ ಬರ್ತದೆ. ಗಾಯ ಇದ್ದ ದಿನ ಹಡೀಲು ಗದ್ದೆಗೆ ಇಳಿಸ್ಬೇಡಿ. ಮಳೆಗಾಲದಲ್ಲಿ ಜ್ವರ, ಮೈಕೈ ನೋವು, ಕಣ್ಣು ಕೆಂಪು ಬಂದ್ರೆ ಪ್ಯಾರಸಿಟಮಾಲ್ ಕೊಟ್ಟು ಮನೆಯಲ್ಲಿ ಕೂರ್ಬೇಡಿ, ಬನ್ನಿ, ಮಗು ಕೆಸರಲ್ಲಿ ಆಡಿದೆ ಅಂತ ಡಾಕ್ಟರಿಗೆ ಹೇಳಿ. ನಿಂತ ನೀರಲ್ಲಿ ಮುಳುಗಿ ಏಳುವ ಆಟ ಬೇಡವೇ ಬೇಡ, ಅಮೀಬಾದ ಮೆದುಳುಜ್ವರ ಮೂಗಿನಿಂದಲೇ ಹೋಗುವುದು, ಕೇರಳದಲ್ಲಿ ಮಕ್ಕಳು ತೀರಿಕೊಂಡಿದ್ದಾರೆ. ಬಾವಲಿ ಕಚ್ಚಿದ ಪೇರಳೆ, ಮಾವು ನೆಲದಿಂದ ಹೆಕ್ಕಿ ತಿನ್ಲಿಕ್ಕೆ ಬಿಡ್ಬಾರ್ದು, 2018ರಲ್ಲಿ ಕೋಝಿಕ್ಕೋಡಲ್ಲಿ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದ ಮೇಲೆ ಈ ಮಾತು ಎಷ್ಟು ಹೇಳಿದ್ರೂ ಕಮ್ಮಿ. ನಾಯಿ ಕಚ್ಚಿದ್ರೆ, ಪರಚಿದ್ರೆ ಕೂಡ, ಸಾಬೂನು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಶುರು. ಒಂದೂವರೆ ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯಾ ಕಾರ್ಡ್ ನೋಡಿ. ಹುಳದ ಮಾತ್ರೆ ಆರು ತಿಂಗಳಿಗೊಮ್ಮೆ, ಅಂಗನವಾಡಿಯಲ್ಲೇ ಕೊಡ್ತಾರೆ.

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳ್ಲೇಬೇಕು, ನನ್ನ ಸ್ವಂತ ಮಗಳಿಗೆ ಎರಡನೇ ಕ್ಲಾಸಲ್ಲೇ ಕನ್ನಡಕ ಬಂತು. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಇರಿಸಿ ಮೂರು ವರ್ಷ ನೋಡಿದ್ರು, 2015ರಲ್ಲಿ ಬಂದ ಅಧ್ಯಯನ, ಹೊರಗೆ ಇದ್ದವರಲ್ಲಿ ಸಮೀಪದೃಷ್ಟಿ ಬಂದದ್ದು ನೂರಕ್ಕೆ 30 ಮಕ್ಕಳಿಗೆ, ಉಳಿದವರಲ್ಲಿ ಸುಮಾರು 40. ಫಿನ್‌ಲೆಂಡಲ್ಲಿ ಕಾಡಿನ ಮಣ್ಣುಹುಲ್ಲು ತಂದು ಬಾಲವಾಡಿಯ ಅಂಗಳಕ್ಕೆ ಹಾಸಿ 28 ದಿನ ಮಕ್ಕಳನ್ನ ಆಡಿಸಿದ್ದಕ್ಕೇ ಅವರ ಚರ್ಮದ ಮೇಲಿನ ಒಳ್ಳೆ ಸೂಕ್ಷ್ಮಜೀವಿಗಳು ಹೆಚ್ಚಾದ್ವು. ಮಗುವನ್ನ ಒಳಗೆ ಕೂರಿಸಿದ್ರೆ ಅಪಾಯ ಇಲ್ಲ ಅಂತ ಲೆಕ್ಕ ಹಾಕ್ಬೇಡಿ.

ಮುಳ್ಳೇರಿಯ ತಾಯಿ

ನಾನು ಕಳಿಸಿ ಬಿಡಿಸಿದವಳು. ಬೇರೆ ಊರಲ್ಲಿ, ಹೆಸರು ಬೇಡ. ಅಲ್ಲಿಯ ಫೋಟೋಗಳು ಎಷ್ಟು ಚಂದ ಅಂದ್ರೆ ನಾನು ಅದನ್ನೇ ನೋಡಿ ಸೇರಿಸಿದ್ದು. ಮೂರನೇ ತಿಂಗಳು ಒಂದು ದಿನ ಬೇಗ ಕರ್ಕೊಂಡು ಬರ್ಲಿಕ್ಕೆ ಹೋದೆ, ಮಗಳು ಎಲ್ಲಿ ಅಂತ ಕೇಳಿದ್ರೆ ಟೀಚರ್ ಆಚೆ ಈಚೆ ನೋಡಿದ್ರು. ಅಲ್ಲೇ ಇದ್ಲು ಅಂದ್ರು. ಹುಡುಕಿದ್ವು. ತೋಟಕ್ಕೆ ನೀರು ಬಿಡುವ ಟ್ಯಾಂಕಿನ ಕಟ್ಟೆಯ ಮೇಲೆ ಒಬ್ಬಳೇ ಹೊಟ್ಟೆ ಅಡಿ ಮಾಡಿ ಮಲಗಿ ನೀರಿಗೆ ಎಲೆ ಹಾಕ್ತಾ ಇದ್ಲು. ಟ್ಯಾಂಕ್ ತುಂಬಿತ್ತು. ನಾನು ಕೂಗ್ಲಿಲ್ಲ, ಕೂಗಿದ್ರೆ ತಿರುಗ್ತಾಳೆ ಅಂತ ಬಾಯಿ ಮುಚ್ಕೊಂಡು ಹಿಂದಿನಿಂದ ಹೋಗಿ ಎತ್ತಿದ್ದು. ಆ ಮೂವತ್ತು ಹೆಜ್ಜೆ ನಂಗೆ ಈಗಲೂ ರಾತ್ರಿ ಬರ್ತದೆ.

ಎಷ್ಟು ಹೊತ್ತಿಗೊಮ್ಮೆ ಮಕ್ಕಳ ಲೆಕ್ಕ ತೆಗಿತೀರಿ ಅಂತ ಕೇಳಿದೆ. "ಮಕ್ಕಳಿಗೆ ಸ್ವಾತಂತ್ರ್ಯ ಬೇಕು" ಅಂತ ಉತ್ತರ ಬಂತು. ಮರುದಿನದಿಂದ ಕಳಿಸ್ಲಿಲ್ಲ.

ಹೊರಗೆ ಕಲಿಸುವುದನ್ನ ನಾನು ದೂರುವುದಿಲ್ಲ. ಮಗಳು ಆ ಮೂರು ತಿಂಗಳಲ್ಲಿ ಕಲಿತದ್ದು ಇನ್ನೂ ಮರೆತಿಲ್ಲ, ಚಗಳಿ ಇರುವೆಯ ಗೂಡು ಎಲ್ಲಿ ಕಂಡ್ರೂ ತೋರಿಸ್ತಾಳೆ. ಆದ್ರೆ ಕುಂಬಳೆಯ ಅಣ್ಣ ಹೇಳಿದ ಆ ಕಾಯುವ ಮರ ಉಂಟಲ್ಲ, ಅದು ಇಲ್ಲದ ಕಡೆಗೆ ಕಳಿಸ್ಬೇಡಿ. ಮೊದಲು ಒಂದು ಬೆಳಿಗ್ಗೆ ಪೂರ್ತಿ ಅಲ್ಲಿ ಕೂತು ನೋಡಿ, ಟೀಚರ್‌ನ ಕಣ್ಣು ಎಲ್ಲಿರ್ತದೆ ನೋಡಿ. ಕೈಯಲ್ಲಿ ಫೋನ್ ಹಿಡಿದು ಫೋಟೋ ತೆಗಿತಾ ಇದ್ರೆ ಆ ಹೊತ್ತಿಗೆ ಕಣ್ಣು ಮಕ್ಕಳ ಮೇಲೆ ಇಲ್ಲ.

ಪೆರ್ಲದ ಅಪ್ಪ

ಮಳೆ ವಿಷಯ ಯಾರೂ ಸರಿಯಾಗಿ ಹೇಳ್ಲಿಲ್ಲ. ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಜರ್ಮನಿಯ ರೈನ್‌ಕೋಟ್ ಲೆಕ್ಕ ಇಲ್ಲಿಗೆ ಆಗುವುದಿಲ್ಲ, ಇಲ್ಲಿ ಪ್ಲಾಸ್ಟಿಕ್ ಕೋಟ್ ಹಾಕಿದ್ರೆ ಒಳಗಿಂದ ಬೆವರಲ್ಲಿ ಚಂಡಿ (ಒದ್ದೆ). ತೆಳು ಹತ್ತಿ ಬಟ್ಟೆ, ಎರಡು ಜೊತೆ ಒಣ ಬಟ್ಟೆ, ಒಂದು ಬೈರಾಸು (ಟವಲು), ಚಂಡಿ ಆದ ಕೂಡಲೆ ಬದಲಿಸುವವರು, ಇಷ್ಟು ಇದ್ರೆ ಮಳೆ ಎಂತದೂ ಮಾಡುವುದಿಲ್ಲ. ನಮ್ಮ ಅಜ್ಜಂದಿರು ಎಲೆಯ ಗೊರಬೆ ಹಾಕಿ ಇಡೀ ದಿನ ಗದ್ದೆಯಲ್ಲಿ ಇರ್ತಿದ್ರು. ಮಳೆಗಿಂತ ಗಾಳಿಗೆ ಹೆದರ್ಬೇಕು, ಅಡಿಕೆ ಮರ ತುಂಡಾಗುವುದು, ತೆಂಗಿನ ಮಡಲು, ಕಾಯಿ. ತೆಂಗಿನ ಅಡಿ ಕೂರಿಸ್ತಾರಾ ನೋಡಿ. ರೆಡ್ ಅಲರ್ಟಿಗೆ ಕಲೆಕ್ಟರ್ ರಜೆ ಕೊಟ್ಟ ದಿನ ಇವರೂ ರಜೆ ಕೊಡ್ತಾರಾ ಕೇಳಿ, ಖಾಸಗಿಯವರು ನಮಗೆ ಅನ್ವಯ ಇಲ್ಲ ಅಂತ ಹೇಳಿದ್ರೆ ಅಲ್ಲಿಗೆ ಬೇಡ. ತುಲಾಮಾಸದ (ಅಕ್ಟೋಬರ್-ನವೆಂಬರ್) ಸಿಡಿಲು ಹೆಚ್ಚಾಗಿ ಮಧ್ಯಾಹ್ನ 2ರ ಮೇಲೆ, ಹಾಗಾಗಿ 12:30ಕ್ಕೆ ಬಿಡುವುದು ಒಳ್ಳೇದೇ, ಆದ್ರೂ ಗುಡುಗು ಕೇಳಿದ್ರೆ ಮರದ ಅಡಿಯಿಂದ ಎದ್ದು ಗಟ್ಟಿ ಕಟ್ಟಡಕ್ಕೆ ಹೋಗ್ಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಹೊರಗೆ ಬರ್ಬಾರ್ದು. ಶೀಟಿನ ಶೆಡ್ ಸಾಲದು, ಹತ್ತಿರದ ಮನೆಯವರ ಜೊತೆ ಮಾತಾಡಿ ಇಟ್ಟಿದ್ದಾರಾ ಕೇಳಿ. ಮಾರ್ಚಿಂದ ಮತ್ತೆ ಬಿಸಿಲು, ಕೂಲಿಯವರೇ 12ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡ್ಬಾರ್ದು ಅಂತ ಸರಕಾರ ಬೇಸಿಗೆಯಲ್ಲಿ ಆದೇಶ ಮಾಡ್ತದೆ, ಸಣ್ಣ ಮಕ್ಕಳನ್ನ ಆ ತಿಂಗಳುಗಳಲ್ಲಿ 11ಕ್ಕೇ ಬಿಡ್ಲಿ.

ಕನ್ನಡ ಮಾಧ್ಯಮದ ಮೇಷ್ಟ್ರು

ಒಂದನೇ ತರಗತಿಗೆ ಮಕ್ಕಳನ್ನ ತೆಗೊಳ್ಳುವವ ನಾನು. ಎಲ್‌ಕೆಜಿಯಲ್ಲಿ ಎಬಿಸಿಡಿ ಬರೆದು ಬರ್ಲಿಲ್ಲ ಅಂದ್ರೆ ಹಿಂದೆ ಬೀಳ್ತಾರಾ ಅಂತ ಯಾರಾದ್ರೂ ಕೇಳಿಯೇ ಕೇಳ್ತೀರಿ. ಇಲ್ಲ. ಕಲ್ಲು ಹೆಕ್ಕಿ, ಬಳ್ಳಿ ಕಟ್ಟಿ, ಮಣ್ಣು ನಾದಿ ಬಂದ ಮಗುವಿನ ಬೆರಳು ಪೆನ್ಸಿಲನ್ನ ಬೇಗ ಹಿಡಿತದೆ. ಮೂರು ವರ್ಷದಿಂದ ಗೆರೆ ಮೇಲೆ ಗೆರೆ ತಿದ್ದಿಸಿ ಸುಸ್ತಾಗಿ ಬಂದ ಮಗುವಿಗೆ ಪುಸ್ತಕ ಕಂಡ್ರೇ ಆಗುವುದಿಲ್ಲ, ಅಂಥವರನ್ನ ಸರಿ ಮಾಡ್ಲಿಕ್ಕೆ ನಂಗೆ ಒಂದು ವರ್ಷ ಬೇಕು.

ನಾನು ಕೇಳುವುದು ಬೇರೆ. ಅಲ್ಲಿ ಯಾವ ಭಾಷೆಯಲ್ಲಿ ಮಾತಾಡ್ತಾರೆ? ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಮಾತಾಡಿ, ಪೇಟೆಯಲ್ಲಿ ಮಲಯಾಳ ಕೇಳಿ, ಟಿವಿಯಲ್ಲಿ ಇಂಗ್ಲಿಷ್ ನೋಡಿ ನನ್ನ ಕ್ಲಾಸಿಗೆ ಬರ್ತಾರೆ. ಅದು ದೋಷ ಅಲ್ಲ, ಸಂಪತ್ತು. ಆದ್ರೆ ಹೋದ ವರ್ಷ ಒಬ್ಬ ಹುಡುಗನಿಗೆ ಕೇಪಳ ತೋರಿಸಿದ್ರೆ "ರೆಡ್ ಫ್ಲವರ್" ಅಂದ, ಅವನ ಮನೆಯ ಬೇಲಿ ತುಂಬಾ ಅದೇ ಉಂಟು. ಗುಡ್ಡೆಯಲ್ಲಿ ಕೂರಿಸಿ ಕೂಡ "ಲುಕ್ ಬಟರ್‌ಫ್ಲೈ" ಅಂತ ಕಲಿಸುವುದಾದ್ರೆ ಗುಡ್ಡೆ ಹತ್ತಿದ್ದು ಯಾಕೆ? ಪುನರ್ಪುಳಿ, ಕುಂಟಾಂಗಿಲ, ಕರಂಡೆ ಅಂತ ನಾಲಿಗೆಗೆ ಹತ್ತುವುದು ಹಣ್ಣು ಬಾಯಲ್ಲಿ ಇರುವಾಗಲೇ. ಟೀಚರ್ ಹೇಳಿದ ಹಾಗೆ ಗಿಡದ ಹೆಸರು ಕೇಳಿ, ಅದನ್ನ ಮಗುವಿನ ಮನೆ ಮಾತಲ್ಲಿ ಹೇಳ್ತಾರಾ ಅಂತಲೂ ಕೇಳಿ.

ಬದಿಯಡ್ಕದ ಅಮ್ಮ

ತುಂಬಾ ದಿನ ಆಯ್ತು, ಕ್ಷಮಿಸಿ. ಮೊನ್ನೆ ರಾತ್ರಿ ಜೋರು ಮಳೆ ಬಂತಲ್ಲ, ಎಣ್ಮಕಜೆಯ ಅಣ್ಣ ಹೇಳಿದ ಹಾಗೆ ಮರುದಿನವೇ ಹೋದೆ, ಅತ್ತೆಯವರನ್ನ ಕರ್ಕೊಂಡೇ ಹೋದೆ. ಅವರು ಚಪ್ಪಲಿ ಕಳಚಿ ಇಟ್ಟು ಇಡೀ ಗುಡ್ಡೆ ಸುತ್ತಿದ್ರು. ಕೋರೆ ಉಂಟು, ಶೆಡ್‌ನಿಂದ ಸುಮಾರು ಇನ್ನೂರು ಹೆಜ್ಜೆ, ಮಧ್ಯದಲ್ಲಿ ಬೇಲಿ ಇಲ್ಲ. ಟೀಚರ್‌ಗಳಿಗೆ ಗೊತ್ತಿತ್ತು, "ಅತ್ತ ಕಡೆ ನಾವು ಹೋಗುವುದೇ ಇಲ್ಲ" ಅಂದ್ರು. ಅದಕ್ಕೆ ಅತ್ತೆ, ನೀವು ಹೋಗುವುದಿಲ್ಲ, ಮಕ್ಕಳು ಹೋಗ್ತಾರೆ ಅಂತ ಹೇಳಿದ್ರು. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ದೊಡ್ಡ ಟೀಚರ್ ನಿಜ ಅಂತ ಒಪ್ಪಿಕೊಂಡ್ರು, ಜಾಗದವರ ಹತ್ತಿರ ಮಾತಾಡಿ ಬೇಲಿ ಹಾಕಿಸದೆ ಶುರು ಮಾಡುವುದಿಲ್ಲ ಅಂದ್ರು.

ಗಿಡದ ಹೆಸರು ಅವರಿಗೆ ಗೊತ್ತುಂಟು, ಸಣ್ಣ ಟೀಚರ್‌ಗೆ ಅತ್ತೆಗಿಂತ ಜಾಸ್ತಿಯೇ. ಚೇರೆ ಮರ ಒಂದಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾರೆ. ಕಕ್ಕಸ್ಸು ಉಂಟು, ನೀರು ಹೊತ್ತು ತರ್ಬೇಕು, ಮೂರನೇ ಸಹಾಯಕಿ ಇಲ್ಲ. ಲೆಕ್ಕ ತೆಗೆಯುವುದು ಎಷ್ಟು ಹೊತ್ತಿಗೊಮ್ಮೆ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಬರ್ಲಿಲ್ಲ, ಕಾಯುವ ಮರದ ವಿಷಯ ಹೇಳಿದೆ, ಬರ್ಕೊಂಡ್ರು. ಮಾತೆಲ್ಲ ಕನ್ನಡ, ಮಧ್ಯೆ ತುಳು. ಆಸ್ಪತ್ರೆ, ಗಾಡಿ ವಿಷಯ ಮುಂದಿನ ವಾರ ಹೇಳ್ತೇವೆ ಅಂದ್ರು.

ಬೇಲಿ ಮತ್ತು ಮೂರನೇ ಜನ, ಇವೆರಡು ಆದ್ರೆ ಕಳಿಸುವುದು ಅಂತ ಆಗಿದೆ. ಆಗದಿದ್ರೆ ಜೂನಲ್ಲಿ ಇಲ್ಲ. ಅತ್ತೆ ಮೊದಲ ಎರಡು ವಾರ ತಾನೇ ಹೋಗಿ ಕೂರ್ತೇನೆ ಅಂದಿದ್ದಾರೆ. ಬರುವಾಗ ಮಗ ಕೇಪಳ ಹಣ್ಣು ಬೇಕು ಅಂತ ಹಠ ಮಾಡಿದ, ತಿಂದ್ರೆ ತೊಂದರೆ ಇಲ್ಲ ಅಲ್ವಾ ಟೀಚರ್? ಮತ್ತೆ ಗಮ್‌ಬೂಟು ಎಷ್ಟು ಸೈಜ್ ದೊಡ್ಡದು ತೆಗೊಳ್ಬೇಕು?

ನಿವೃತ್ತ ಅಂಗನವಾಡಿ ಟೀಚರ್

ಕೇಪಳ ತಿನ್ಲಿ, ನಾವೆಲ್ಲ ತಿಂದೇ ದೊಡ್ಡವರಾದದ್ದು, ತೊಳೆದು ಕೊಡು. ದೊಡ್ಡವರಿಗೆ ತೋರಿಸದೆ ಯಾವುದನ್ನೂ ಬಾಯಿಗೆ ಹಾಕ್ಬಾರ್ದು ಅಂತ ಮಾತ್ರ ಈಗಿಂದಲೇ ಅಭ್ಯಾಸ ಮಾಡಿಸು. ಬೂಟು ಒಂದೇ ಸೈಜ್ ದೊಡ್ಡದು ಸಾಕು, ಸಾಕ್ಸ್ ಹಾಕಿದ್ರೆ ಸರಿಯಾಗ್ತದೆ, ಹೆಚ್ಚು ದೊಡ್ಡದಾದ್ರೆ ಎಡವಿ ಬೀಳ್ತಾನೆ. ರಾತ್ರಿ ಹೊರಗೆ ಇಡ್ಬೇಡ. ಬೆಳಿಗ್ಗೆ ಹಾಕುವ ಮೊದಲು ತಲೆಕೆಳಗೆ ಮಾಡಿ ನೆಲಕ್ಕೆ ಎರಡು ಸಲ ಕುಟ್ಟು, ಚೇಳು ಕಪ್ಪೆ ಎಲ್ಲ ಅದರೊಳಗೇ ಹೋಗಿ ಕೂರುವುದು. ಅತ್ತೆಯವರು ಅಲ್ಲಿಗೆ ಹೋಗಿ ಕೂರ್ತಾರೆ ಅಂದದ್ದು ಕೇಳಿ ಖುಷಿ ಆಯ್ತು, ಅವರಿಗೆ ಒಂದು ಕುರ್ಚಿ ಕೊಡ್ಲಿಕ್ಕೆ ಹೇಳು.